ಹೋಮ್‌ಸ್ಟೇ ಮನೆಯ ವೈಫೈಗೆ ನಾನು ಹಾಕಿದ ಬೇಲಿ

ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ವೈಫೈ ಕದಿಯೋಕೆ ಪಕ್ಕದ ಮನೆಯವರು ಬರುವುದಿಲ್ಲ. ಅವರ ಮನೆ ಇರುವುದೇ ಕಾಫಿ ತೋಟ, ಗದ್ದೆ ದಾಟಿ ಆಚೆ. ಚಿಕ್ಕಮಗಳೂರು ಪೇಟೆಯಲ್ಲಾದರೆ ಅಕ್ಕಪಕ್ಕದ ರೌಟರ್‌ಗಳ ಗಲಾಟೆ ತಪ್ಪಿಸೋಕೆ 1, 6 ಅಥವಾ 11ನೇ ಚಾನೆಲ್ (ಸಿಗ್ನಲ್ ಹರಿಯುವ ದಾರಿ) ಹುಡುಕಬೇಕು. ನಮಗೆ ಆ ತಾಪತ್ರಯವೂ ಇಲ್ಲ. "ಮತ್ತೆ ಯಾಕಮ್ಮ ಇಷ್ಟೆಲ್ಲ?" ಅಂತ ಮಾವ ಕೇಳಿದರು.

ಕಾರಣ ನಮ್ಮ ಅತಿಥಿಗಳು. ಬೆಂಗಳೂರಿನಿಂದ ಬಂದವರು ಬ್ಯಾಗ್ ಇಳಿಸುವ ಮೊದಲೇ ಪಾಸ್‌ವರ್ಡ್ ಕೇಳುತ್ತಾರೆ. ಅವರು ಒಳ್ಳೆಯವರೇ. ಆದರೆ ಅವರ ಫೋನಿನಲ್ಲಿ ಏನು ಸೇರಿಕೊಂಡಿದೆಯೋ ಅವರಿಗೇ ಗೊತ್ತಿರುವುದಿಲ್ಲ, ಅಲ್ವಾ? ಅದೇ ವೈಫೈಯಲ್ಲಿ ತೋಟದ ಲೆಕ್ಕದ ಕಂಪ್ಯೂಟರ್ ಇದೆ, ಕಣದಲ್ಲಿ ಒಣಗುವ ಕಾಫಿ ಕಾಯುವ ಕ್ಯಾಮೆರಾ ಇದೆ.

ಫೈಬರ್ ಹಾಕಿದ ಹುಡುಗ ಕೊಟ್ಟುಹೋದ ಕಂಪನಿಯ ರೌಟರ್ ಡಬ್ಬಿಯಲ್ಲಿ ಅರ್ಧ ಸೆಟ್ಟಿಂಗ್‌ಗೆ ಬೀಗ ಹಾಕಿತ್ತು. ಹಾಗಾಗಿ ನಮ್ಮದೇ ರೌಟರ್ ತಂದು ಅದರ ಹಿಂದೆ ಕೇಬಲ್‌ನಲ್ಲಿ ಜೋಡಿಸಿದೆ. ಹಳೆ ಡಬ್ಬಿಯ ವೈಫೈ ಆಫ್ ಮಾಡಿದೆ. ಇಲ್ಲದಿದ್ದರೆ ಹಿಂಬಾಗಿಲು ತೆರೆದೇ ಇರುತ್ತದೆ. ಎರಡಕ್ಕೂ 192.168.1.1 ಅನ್ನುವ ಒಂದೇ ವಿಳಾಸ ಇದ್ದರೆ ಜಗಳ ಶುರುವಾಗುತ್ತದೆ. ನಮ್ಮದನ್ನು 192.168.50.1 ಮಾಡಿಕೊಂಡೆ. ಒಂದು ಕಿವಿಮಾತು: ಕಂಪನಿಯ ಡಬ್ಬಿಯನ್ನು ರೀಸೆಟ್ ಮಾಡುವ ಮುಂಚೆ ಅವರ ಲಾಗಿನ್ ಹೆಸರು, ಪಾಸ್‌ವರ್ಡ್ ಕೇಳಿ ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಆ ಹುಡುಗ ಫೋನಿಗೆ ಸಿಗುವುದು ಕಷ್ಟ.

ಮೊದಲು ಬದಲಿಸಿದ್ದು ವೈಫೈ ಪಾಸ್‌ವರ್ಡ್ ಅಲ್ಲ, ರೌಟರ್‌ನ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್. ಇವೆರಡೂ ಬೇರೆ ಬೇರೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಲಕ್ಷಗಟ್ಟಲೆ ಕ್ಯಾಮೆರಾ, ರೌಟರ್‌ಗಳನ್ನು ಹಿಡಿದದ್ದು ದೊಡ್ಡ ಬುದ್ಧಿವಂತಿಕೆಯಿಂದೇನಲ್ಲ. ಕಾರ್ಖಾನೆಯಿಂದ ಬಂದ ಹೆಸರು, ಪಾಸ್‌ವರ್ಡ್‌ಗಳ ಸುಮಾರು ಅರವತ್ತು ಜೋಡಿಗಳ ಪಟ್ಟಿಯಿಂದ ಆರಿಸಿ ಹಾಕಿ ನೋಡುತ್ತಿತ್ತು, ಅಷ್ಟೇ. ಬೇರೆ ಕಡೆಯಿಂದ ಇಂಟರ್‌ನೆಟ್ ಮೂಲಕ ರೌಟರ್ ನಡೆಸುವ ರಿಮೋಟ್ ಮ್ಯಾನೇಜ್‌ಮೆಂಟನ್ನೂ ಆಗಲೇ ಆಫ್ ಮಾಡಿದೆ.

ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರಿಸುವ ಡಬ್ಲ್ಯೂಪಿಎಸ್ ಕೂಡ ಆಫ್. ಅದರ ಪಿನ್‌ನಲ್ಲಿ 8 ಅಂಕಿ ಇರುತ್ತದೆ, ಭದ್ರ ಅನ್ನಿಸುತ್ತದೆ. ಆದರೆ ಮೊದಲ 4 ಅಂಕಿ ಸರಿಯಿದೆಯೋ ಇಲ್ಲವೋ ಅಂತ ರೌಟರೇ ಮೊದಲು ಹೇಳಿಬಿಡುತ್ತದೆ. ಕೊನೆಯ ಅಂಕಿ ಉಳಿದ 7ರ ಲೆಕ್ಕದಿಂದಲೇ ಬರುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಸಲ ಹಾಕಿ ನೋಡಿದರೆ ಬೀಗ ತೆಗೆದ ಹಾಗೆ. ಇದು 2011ರಲ್ಲೇ ಬಯಲಾದ ವಿಷಯ. ಹೊಸ ರೌಟರ್‌ಗಳು ತಪ್ಪು ಪಿನ್ ಹಾಕಿದರೆ ತಡೆಯುತ್ತವೆ, ಆದರೂ ನಮಗೆ ಬೇಡದ ಬಾಗಿಲು ಯಾಕೆ?

ವೈಫೈಯಲ್ಲಿ ಹರಿಯುವುದನ್ನು ಬೇರೆಯವರು ಓದದ ಹಾಗೆ ಮಾಡುವ ಗುಟ್ಟಿನ ಭಾಷೆಗೆ ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಎರಡೂ ಸೇರಿದ ಆಯ್ಕೆ ಇಟ್ಟೆ. ಬರೀ ಡಬ್ಲ್ಯೂಪಿಎ3 ಇಟ್ಟರೆ ನಮ್ಮ ಹಳೆ ಕ್ಯಾಮೆರಾ ಸೇರಿಕೊಳ್ಳಲು ಒಪ್ಪಲಿಲ್ಲ. ಪಾಸ್‌ವರ್ಡ್‌ಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದೆ. 63 ಅಕ್ಷರದವರೆಗೆ ಜಾಗ ಇದೆ, ಜಿಪುಣತನ ಬೇಡ. ಅತ್ತೆಗೂ ಬಾಯಿಪಾಠ ಆಗಿದೆ. ವೈಫೈ ಹೆಸರು ಮುಚ್ಚಿಡುವುದು, ಇಂಥ ಫೋನಿಗೆ ಮಾತ್ರ ಅಂತ ಪಟ್ಟಿ ಮಾಡುವುದು ಇವೆಲ್ಲ ನನ್ನ ಮಟ್ಟಿಗೆ ಸುಮ್ನೆ ಕೆಲಸ. ಗೊತ್ತಿರುವವನು ನಿಮಿಷದಲ್ಲಿ ದಾಟುತ್ತಾನೆ, ಮನೆಯವರಿಗೆ ಮಾತ್ರ ಕಿರಿಕಿರಿ.

ನಿಜವಾದ ಕೆಲಸ ಗೆಸ್ಟ್ ನೆಟ್‌ವರ್ಕಿನದು. ಅತಿಥಿಗಳಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಮನೆಯ ನೆಟ್‌ವರ್ಕಿಗೆ ಪ್ರವೇಶ ಇಲ್ಲ, ಒಬ್ಬರ ಫೋನ್ ಇನ್ನೊಬ್ಬರ ಫೋನಿಗೆ ಕಾಣುವುದೂ ಇಲ್ಲ. ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿ ರೂಮಿನ ಬಾಗಿಲ ಹಿಂದೆ ಅಂಟಿಸಿದ್ದೇನೆ. ಪಾಸ್‌ವರ್ಡ್ ಆಗಾಗ ಬದಲಿಸುತ್ತೇನೆ, ಚೀಟಿಯೂ ಬದಲಾಗುತ್ತದೆ.

ಇಲ್ಲೊಂದು ತೊಡಕಿದೆ. ನಮ್ಮದು ದಪ್ಪ ಮಣ್ಣಿನ ಗೋಡೆಯ ಹಂಚಿನ ಮನೆ. 5 ಗಿಗಾಹರ್ಟ್ಸ್ ಸಿಗ್ನಲ್ ಒಂದು ಗೋಡೆಗೇ ಸುಸ್ತಾಗುತ್ತದೆ, 2.4 ಸ್ವಲ್ಪ ದೂರ ಹೋಗುತ್ತದೆ. ಅತಿಥಿಗಳ ರೂಮು ಅಂಗಳದಾಚೆ. ಸುಲಭದ ದಾರಿ ಅಂದರೆ ಕೇಬಲ್ ಎಳೆದು ಅಲ್ಲೊಂದು ಹಳೆ ರೌಟರ್ ಇಡುವುದು. ಹಾಗೆ ಮಾಡಿದರೆ ಅಲ್ಲಿ ಸೇರಿದವರೆಲ್ಲ ಸಾಮಾನ್ಯವಾಗಿ ಮನೆಯ ನೆಟ್‌ವರ್ಕಿನ ಒಳಗೇ ಬಂದು ಕೂರುತ್ತಾರೆ, ಹಾಕಿದ ಬೇಲಿ ಅಲ್ಲಿಗೇ ಮುಗಿಯಿತು. ಅದಕ್ಕೆ ಗೆಸ್ಟ್ ನೆಟ್‌ವರ್ಕನ್ನೂ ಜೊತೆಗೆ ಒಯ್ಯುವ ಮೆಶ್ ಜೋಡಿಗೆ (ಎರಡು ಡಬ್ಬಿ ಸೇರಿ ಒಂದೇ ವೈಫೈ ಹರಡುವ ಸಾಧನ) ದುಡ್ಡು ಜಾಸ್ತಿಯಾದರೂ ಖರ್ಚು ಮಾಡಿದೆ. ಖರ್ಚಿಗೆ ಮಾವ ಗೊಣಗಿದರು. ಆಮೇಲೆ ಅವರ ಕೋಣೆಗೂ ಸಿಗ್ನಲ್ ಬಂತು, ಸುಮ್ಮನಾದರು.

ಇನ್ನು ಸಿಡಿಲು. ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಅಡಾಪ್ಟರ್ ಮೂಲಕ ಬರುತ್ತದೆ, ಅಂಗಳ ದಾಟುವ ತಾಮ್ರದ ಕೇಬಲ್ ಇದ್ದರೆ ಅದರಲ್ಲೂ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಟ್ಟುತ್ತಿದ್ದ ಹಾಗೇ ಎಲ್ಲ ಪ್ಲಗ್ ಕಿತ್ತಿಡುತ್ತೇವೆ.

ಕ್ಯಾಮೆರಾ ಒಂದು ಮಾತ್ರ ತಲೆನೋವು. ಅದರ ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದೆ. ಅದನ್ನೂ ಅತಿಥಿಗಳ ಕಡೆಗೇ ದೂಡಿದ್ದೇನೆ, ರೌಟರ್‌ನಲ್ಲಿ ತಾನೇ ಬಾಗಿಲು ತೆರೆಸಿಕೊಳ್ಳದ ಹಾಗೆ ಯುಪಿಎನ್‌ಪಿ ಆಫ್ ಮಾಡಿದ್ದೇನೆ. ಈ ಸಲದ ಕಾಫಿ ಮಾರಿದ ಮೇಲೆ ಹೊಸದು ತರಬೇಕು.