ಮಗುವಿನ ಜೊತೆ ಹಾಸನಕ್ಕೆ: ಉಳಿಯೋಕೆ ಹೋಟೆಲ್ ಆರಿಸುವುದು ಹೇಗೆ?

ನಾನಿರುವುದು ಹಾಸನದಲ್ಲಿ. ದಸರಾ ರಜೆಯೋ ಬೇಸಿಗೆ ರಜೆಯೋ ಹತ್ತಿರ ಬಂದರೆ ಸಾಕು, ನೆಂಟರ ಫೋನ್ ಶುರುವಾಗುತ್ತದೆ. "ಅಕ್ಕ, ಬೇಲೂರು, ಹಳೇಬೀಡು ನೋಡ್ಕೊಂಡು ಹೋಗೋಣ ಅಂತಿದ್ದೀವಿ. ಒಂದು ಒಳ್ಳೆ ಹೋಟೆಲ್ ಹೇಳು." ನಮ್ಮದು ಚಿಕ್ಕ ಮನೆ. ಎರಡು ಸಂಸಾರ ಮಲಗುವಷ್ಟು ಜಾಗ ಇಲ್ಲ. ಹಾಗಾಗಿ ಬರುವವರಿಗೆ ರೂಮ್ ನೋಡಿಕೊಡುವ ಕೆಲಸ ನನ್ನದೇ. ಹೀಗೆ ನೋಡಿಕೊಡುತ್ತಾ ಊರಿನ ಎಷ್ಟೋ ಹೋಟೆಲ್‌ಗಳ ಮೆಟ್ಟಿಲು ಹತ್ತಿ ಇಳಿದಿದ್ದೇನೆ.

ಮಗು ಜೊತೆಗಿದ್ದರೆ ಹೋಟೆಲ್ ಆರಿಸುವಾಗ ದಿನದ ಎರಡು ಹೊತ್ತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಂದು, ಮಧ್ಯಾಹ್ನ ಊಟ ಆದ ಮೇಲಿನ ಹೊತ್ತು. ಇನ್ನೊಂದು, ರಾತ್ರಿ 9ರ ನಂತರ. ಈ ಎರಡು ಹೊತ್ತಿನಲ್ಲಿ ಮಗು ಎಲ್ಲಿ ಮಲಗುತ್ತೆ, ಏನು ತಿನ್ನುತ್ತೆ, ಹುಷಾರು ತಪ್ಪಿದರೆ ಏನು ಮಾಡ್ತೀರಿ ಅನ್ನುವುದಕ್ಕೆ ಹೋಟೆಲ್ ಉತ್ತರ ಕೊಡಬೇಕು. ಲಾಬಿಯ ಸೋಫಾ, ಗೋಡೆಯ ಬಣ್ಣ ಎಲ್ಲ ಆಮೇಲೆ.

ಊರಲ್ಲೇ ಯಾಕೆ?

ಸಕಲೇಶಪುರದ ಕಡೆ ತೋಟದ ಹೋಂಸ್ಟೇಗಳಿವೆ. ಚೆನ್ನಾಗಿವೆ, ಬೇಡ ಅನ್ನುವುದಿಲ್ಲ. ಆದರೆ ಮಗು ಐದಾರು ವರ್ಷಕ್ಕಿಂತ ಚಿಕ್ಕದಾಗಿದ್ದರೆ ಊರೊಳಗೇ ಉಳಿಯಿರಿ ಅಂತ ನಾನು ಹೇಳುತ್ತೇನೆ. ರಾತ್ರಿ ಜ್ವರ ಬಂದರೆ ಕತ್ತಲಲ್ಲಿ ತೋಟದ ಮಣ್ಣಿನ ದಾರಿಯಲ್ಲಿ ಕಾರು ಓಡಿಸಬೇಕಾಗಿ ಬರಬಾರದು. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆ ಇದೆ, ಖಾಸಗಿ ಮಕ್ಕಳ ಡಾಕ್ಟರುಗಳಿದ್ದಾರೆ, ಹೆಜ್ಜೆ ಹೆಜ್ಜೆಗೂ ಮೆಡಿಕಲ್ ಶಾಪ್ ಇದೆ.

ದೂರವೂ ಅನುಕೂಲವೇ. ಹಾಸನದಿಂದ ಹಳೇಬೀಡು ಸುಮಾರು 30 ಕಿಲೋಮೀಟರ್, ಬೇಲೂರು ಸುಮಾರು 40, ಶ್ರವಣಬೆಳಗೊಳ ಸುಮಾರು 50. ಬೇಲೂರು, ಹಳೇಬೀಡು ಒಂದು ಕಡೆ, ಶ್ರವಣಬೆಳಗೊಳ ಇನ್ನೊಂದು ಕಡೆ, ಹಾಸನ ನಡುವೆ. ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ರೂಮಿಗೆ ವಾಪಸ್ ಬರಬಹುದು. ಇದು ಸಣ್ಣ ವಿಷಯ ಅಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಎಲ್ಲರಿಗೂ ನೋಡುವ ಆಸೆ. ಆದರೆ ಅಲ್ಲಿ ಚಪ್ಪಲಿ ಬಿಟ್ಟು ಕಲ್ಲು ಹಾಸಿನ ಮೇಲೆ ನಡೆಯಬೇಕು. ಹನ್ನೊಂದೂವರೆ ಆಗುವ ಹೊತ್ತಿಗೆ ಆ ಕಲ್ಲು ಕಾದ ಕಾವಲಿ. ದೊಡ್ಡವರು ಕುಣಿದುಕೊಂಡು ನೆರಳು ಸೇರುತ್ತಾರೆ, ಮಗು ನಿಂತಲ್ಲೇ ಅಳುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿ ಬೆಟ್ಟದಲ್ಲೂ ಅಷ್ಟೆ. 58 ಅಡಿಯ ಗೊಮ್ಮಟನನ್ನು ನೋಡಲು ಆರುನೂರಕ್ಕೂ ಹೆಚ್ಚು ಮೆಟ್ಟಿಲು ಬರಿಗಾಲಲ್ಲಿ ಹತ್ತಬೇಕು. ಮಗುವಿಗೆ ದಪ್ಪ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮುಂಚೆ ಮುಗಿಸಿ. ಆಮೇಲೆ ಮಗು ಒಂದು ನಿದ್ದೆ ತೆಗೆಯಲು ರೂಮ್ ಬೇಕೇ ಬೇಕು.

ಮೊದಲು ದಿನಾಂಕ ನೋಡಿ

ಹೋಟೆಲ್ ಹುಡುಕುವ ಮುಂಚೆ ಪಂಚಾಂಗ ತೆಗೆಯಿರಿ. ಹಾಸನಾಂಬೆಯ ಗುಡಿ ವರ್ಷಕ್ಕೆ ಒಂದೇ ಸಲ ತೆರೆಯುತ್ತದೆ. ಆಶ್ವಯುಜ ಹುಣ್ಣಿಮೆ ಆದ ಮೇಲಿನ ಮೊದಲ ಗುರುವಾರ ಬಾಗಿಲು ತೆಗೆದರೆ ದೀಪಾವಳಿ ಪಾಡ್ಯ ಕಳೆದ ಮೇಲೆ ಮುಚ್ಚುವುದು. ಆ ದಿನಗಳಲ್ಲಿ ಊರು ಊರೇ ಕ್ಯೂ ನಿಂತಿರುತ್ತದೆ. ರೂಮ್ ಸಿಗುವುದು ಕಷ್ಟ, ಸಿಕ್ಕರೂ ರೇಟು ಜಾಸ್ತಿ, ರಸ್ತೆ ದಾಟುವುದಕ್ಕೇ ಅರ್ಧ ಗಂಟೆ. ದೇವಿಯ ದರ್ಶನಕ್ಕೇ ಬರುವುದಾದರೆ ತುಂಬಾ ಮುಂಚೆ ಬುಕ್ ಮಾಡಿ. ಬರೀ ಸುತ್ತಾಡಲು ಅಂತಾದರೆ ಆ ಎರಡು ವಾರ ಬಿಟ್ಟುಬಿಡಿ. ಮದುವೆ ಸೀಸನ್ನಿನ ಶನಿವಾರ, ಭಾನುವಾರವೂ ರೂಮ್‌ಗಳು ಬೇಗ ತುಂಬುತ್ತವೆ.

ಯಾವ ಕಡೆ ಉಳಿಯಬೇಕು?

ಹಾಸನದಲ್ಲಿ ಹೋಟೆಲ್‌ಗಳು ಜಾಸ್ತಿ ಇರುವುದು ಬಿ.ಎಂ. ರಸ್ತೆಯಲ್ಲಿ. ಬೆಂಗಳೂರು–ಮಂಗಳೂರು ರಸ್ತೆ ಅದು. ರೈಲು ನಿಲ್ದಾಣವೂ ಅದೇ ರಸ್ತೆಗೆ ಹತ್ತಿರ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ದಾರಿ ಆದ ಮೇಲೆ ಮಕ್ಕಳೊಂದಿಗೆ ಬರುವವರಿಗೆ ನಾನು ರೈಲನ್ನೇ ಹೇಳುವುದು. ಟಾಯ್ಲೆಟ್ ಇರುತ್ತೆ, ಓಡಾಡೋಕೆ ಜಾಗ ಇರುತ್ತೆ.

ರಸ್ತೆ ಬದಿಯ ಹೋಟೆಲ್ ಆದರೂ ರೂಮ್ ಹಿಂಬದಿಯದು ಕೇಳಿ. ರಸ್ತೆ ಕಡೆಯ ಕಿಟಕಿ ಇದ್ದರೆ ಬಸ್ಸು, ಲಾರಿಗಳ ಹಾರ್ನ್ ರಾತ್ರಿಯಿಡೀ. ಬಸ್ ಸ್ಟ್ಯಾಂಡ್ ಎದುರಿಗೇ ಇರುವ ಲಾಡ್ಜ್ ಒಬ್ಬರೇ ಬರುವವರಿಗೆ ಸರಿ, ಮಗುವಿಗೆ ಅಲ್ಲ. ಇನ್ನೆರಡು ವಿಷಯ ಫೋಟೊದಲ್ಲಿ ಕಾಣುವುದಿಲ್ಲ: ಕೆಳಗಡೆ ಬಾರ್ ಇದೆಯಾ, ಮೇಲೆ ಅಥವಾ ಪಕ್ಕದಲ್ಲಿ ಪಾರ್ಟಿ ಹಾಲ್ ಇದೆಯಾ? ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ ನಿಯಮ ಇದೆ. ಆದರೆ ಮಕ್ಕಳು ಮಲಗುವುದು ಎಂಟೂವರೆಗೆ ಅಲ್ವಾ? ಹತ್ತು ಗಂಟೆಯವರೆಗೆ ಡ್ರಮ್ಸ್ ಕೇಳಿದರೆ ಆ ರಾತ್ರಿ ಹೋಯಿತು ಅಂತಲೇ ಲೆಕ್ಕ.

ಫೋನ್ ಮಾಡಿ, ಆ್ಯಪ್ ಒಂದನ್ನೇ ನಂಬಬೇಡಿ

ಆ್ಯಪ್‌ನಲ್ಲಿ ನೋಡಿ, ಎರಡು ಮೂರು ಹೋಟೆಲ್ ಗುರುತು ಹಾಕಿಕೊಳ್ಳಿ. ಹೋಟೆಲಿನವರು ಹಾಕಿದ ಫೋಟೊಗಿಂತ ಉಳಿದು ಹೋದವರು ಹಾಕಿದ ಫೋಟೊ ನೋಡಿ, ಅದರಲ್ಲೂ ಈಚಿನದ್ದು. ಆಮೇಲೆ ನೇರವಾಗಿ ರಿಸೆಪ್ಷನ್‌ಗೆ ಫೋನ್ ಮಾಡಿ. ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಮಾಡಿದರೆ ಅವರಿಗೂ ಮಾತಾಡಲು ಪುರುಸೊತ್ತು ಇರುತ್ತದೆ. ಕಳೆದ ಬೇಸಿಗೆಯಲ್ಲಿ ತಂಗಿ, ಅವಳ ಮೂರು ವರ್ಷದ ಮಗನಿಗಾಗಿ ನಾನು ಮಾಡಿದ ಫೋನ್ ಹೀಗಿತ್ತು.

"ಸಾರ್, ಬಿಸಿನೀರು ಇದೆಯಾ?"

"ಇದೆ ಮೇಡಂ, 24 ಗಂಟೆ."

"ಸೋಲಾರಾ, ಗೀಸರಾ?"

"ಸೋಲಾರ್ ಮೇಡಂ. ಬೆಳಿಗ್ಗೆ ಆರರಿಂದ ಒಂಬತ್ತು ಚೆನ್ನಾಗಿ ಬರುತ್ತೆ."

"ರಾತ್ರಿ ಮಗುವಿಗೆ ಬೇಕಾದರೆ?"

"ಹೇಳಿ ಮೇಡಂ, ಹುಡುಗರ ಕೈಲಿ ಒಂದು ಬಕೆಟ್ ಕಾಯಿಸಿ ಕಳಿಸ್ತೀವಿ."

ನೋಡಿ, 24 ಗಂಟೆ ಬಿಸಿನೀರು ಎರಡನೇ ಪ್ರಶ್ನೆಗೆ ಮೂರು ಗಂಟೆ ಆಯಿತು. ಆದರೂ ಆ ಹೋಟೆಲನ್ನೇ ಹಿಡಿದೆ. ಬಕೆಟ್ ಕಳಿಸ್ತೀವಿ ಅಂತ ತಾವಾಗೇ ಹೇಳಿದರಲ್ಲ, ಅದಕ್ಕೆ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳದೆ ಉತ್ತರ ಕೊಡುವ ರಿಸೆಪ್ಷನ್ ಇದ್ದರೆ ಅರ್ಧ ಹೋಟೆಲ್ ಒಳ್ಳೆಯದಿದ್ದ ಹಾಗೆ. ತಂಗಿಯ ಮಗ ಎರಡನೇ ರಾತ್ರಿ ವಾಂತಿ ಮಾಡಿಕೊಂಡ. ಬಕೆಟ್ ಬಂತು, ಬೇರೆ ಬೆಡ್‌ಶೀಟೂ ಬಂತು.

ಇನ್ನೂ ಕೇಳಬೇಕಾದ್ದು: ಲಿಫ್ಟ್ ಇದೆಯಾ, ಕರೆಂಟ್ ಹೋದರೆ ಜನರೇಟರ್‌ನಲ್ಲಿ ಲಿಫ್ಟ್ ಓಡುತ್ತಾ? ಮಗುವಿಗೆ ಬೇರೆ ದುಡ್ಡು ಇದೆಯಾ, ಎಷ್ಟು ವರ್ಷದವರೆಗೆ ಇಲ್ಲ? ಇದು ಒಂದೊಂದು ಹೋಟೆಲಿಗೆ ಒಂದೊಂದು ಥರ. ಎಕ್ಸ್‌ಟ್ರಾ ಬೆಡ್ ಅಂದರೆ ಬಹಳ ಕಡೆ ನೆಲದ ಮೇಲೆ ಹಾಕುವ ಹಾಸಿಗೆ ಅಷ್ಟೆ. ಹಾಸನ 900 ಮೀಟರಿಗಿಂತ ಎತ್ತರದಲ್ಲಿದೆ, ಬಡವರ ಊಟಿ ಅಂತಲೇ ಕರೆಯುತ್ತಾರೆ. ಡಿಸೆಂಬರ್, ಜನವರಿಯಲ್ಲಿ ನೆಲದಲ್ಲಿ ಮಗುವನ್ನು ಮಲಗಿಸಬೇಡಿ. ಮಂಚವೇ ದೊಡ್ಡದಿರುವ ರೂಮ್ ಕೇಳಿ.

ಚೆಕ್‌ಔಟ್ ಲೆಕ್ಕವನ್ನೂ ಕೇಳಿ. ಕೆಲವು ಕಡೆ ಬಂದ ಹೊತ್ತಿನಿಂದ 24 ಗಂಟೆ, ಕೆಲವು ಕಡೆ ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕು. ನೀವು ಬೆಳಿಗ್ಗೆ ಗುಡಿಗೆ ಹೋಗಿ ಮಧ್ಯಾಹ್ನ ಮಗುವನ್ನು ಮಲಗಿಸುವ ಯೋಚನೆ ಇದ್ದರೆ 24 ಗಂಟೆಯದ್ದೇ ಒಳ್ಳೆಯದು.

ಅಡುಗೆಮನೆ

ಹೋಟೆಲಿನಲ್ಲೇ ಅಡುಗೆಮನೆ ಇದ್ದರೆ ಒಳ್ಳೆಯದು. ಮೆನು ಉದ್ದ ಇರಬೇಕಾಗಿಲ್ಲ. ರಾತ್ರಿ 9ಕ್ಕೆ ಬಿಸಿ ಹಾಲು ಸಿಗುತ್ತಾ, ಬೆಳಿಗ್ಗೆ ಇಡ್ಲಿ ಎಷ್ಟು ಗಂಟೆಗೆ ಆಗುತ್ತೆ, ಖಾರ ಇಲ್ಲದೆ ಅನ್ನ, ತಿಳಿಸಾರು ಕೊಡ್ತೀರಾ, ಇಷ್ಟು ಕೇಳಿ. ಏಳು ಗಂಟೆಗೆ ಹೊರಡುವವರಿಗೆ ಎಂಟೂವರೆಗೆ ಶುರುವಾಗುವ ಫ್ರೀ ಬ್ರೇಕ್‌ಫಾಸ್ಟ್ ಇದ್ದರೂ ಇಲ್ಲದಿದ್ದರೂ ಒಂದೇ. ಅಂಥ ಕಡೆ ಊಟ, ತಿಂಡಿ ಸೇರದ ರೇಟು ಕೇಳಿ ರೂಮ್ ತೆಗೆದುಕೊಳ್ಳಿ. ಬಿಸಿನೀರು ತುಂಬಿಸಿಕೊಳ್ಳಲು ಫ್ಲಾಸ್ಕ್ ನಿಮ್ಮದೇ ಇರಲಿ.

ಕೀಲಿ ತೆಗೆದುಕೊಳ್ಳುವ ಮುಂಚೆ ಐದು ನಿಮಿಷ

ಇದನ್ನು ಯಾರೂ ಮಾಡುವುದಿಲ್ಲ. ದಯವಿಟ್ಟು ಮಾಡಿ. ಲಗೇಜು ಕೆಳಗೇ ಇರಲಿ, ಮಗು ಅಜ್ಜಿಯ ಹತ್ತಿರ ಇರಲಿ. ಒಬ್ಬರು ಮೇಲೆ ಹೋಗಿ ರೂಮ್ ನೋಡಿ ಬನ್ನಿ.

ಮೊದಲು ಕಿಟಕಿ. ಸರಿಸುವ ಗಾಜಿನ ಕಿಟಕಿಗೆ ಕಂಬಿ ಇದೆಯಾ? ಇಲ್ಲದಿದ್ದರೆ ಆ ರೂಮ್ ಬೇಡ, ಕೆಳಗಿನ ಮಹಡಿ ಕೇಳಿ. ಬಾಲ್ಕನಿ ಇದ್ದರೆ ಕಂಬಿಯ ಸಂದಿಯಲ್ಲಿ ಮಗುವಿನ ತಲೆ ತೂರುತ್ತದೆಯೇ ನೋಡಿ. ಅಲ್ಲಿರುವ ಕುರ್ಚಿಯನ್ನು ಒಳಗೆ ತಂದಿಡಿ. ಕುರ್ಚಿ ಇದ್ದರೆ ಮಗು ಹತ್ತುತ್ತದೆ. ಆಮೇಲೆ ಮಂಡಿಯೂರಿ ಕುಳಿತು ಮಗುವಿನ ಎತ್ತರದಿಂದ ಒಮ್ಮೆ ಸುತ್ತ ನೋಡಿ. ಸ್ವಿಚ್ ಬೋರ್ಡ್, ಕೆಟಲ್‌ನ ಜೋತುಬಿದ್ದ ವೈರ್, ಟೇಬಲ್ಲಿನ ಚೂಪು ಮೂಲೆ ಎಲ್ಲ ಕಣ್ಣಿಗೆ ಬೀಳುತ್ತವೆ. ಹಳೆಯ ಕಟ್ಟಡಗಳಲ್ಲಿ ಮಡಚುವ ಕಬ್ಬಿಣದ ಗೇಟಿನ ಲಿಫ್ಟ್ ಇನ್ನೂ ಇದೆ. ಅದರಲ್ಲಿ ಹೋಗುವಾಗ ಮಗುವನ್ನು ಎತ್ತಿಕೊಳ್ಳಿ, ಸಣ್ಣ ಬೆರಳು ಆ ಸಂದಿಗೆ ಹೋದರೆ ಕಷ್ಟ.

ಎರಡು ಮಂಚ ಜೋಡಿಸಿದ್ದರೆ ನಡುವೆ ಸಂದು ಇರುತ್ತದೆ. ರೂಮ್ ಬಾಯ್‌ಗೆ ಹೇಳಿ ಮಂಚ ಗೋಡೆಗೆ ಒತ್ತಿಸಿ, ಸಂದಿಗೆ ಕಂಬಳಿ ಸುತ್ತಿ ತುರುಕಿ. ಹಾಸಿಗೆ ಒದ್ದೆ ಮಾಡುವ ಮಗುವಾದರೆ ರಬ್ಬರ್ ಶೀಟ್ ಮನೆಯಿಂದಲೇ ತನ್ನಿ.

ಬಚ್ಚಲುಮನೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎರಡು ವರ್ಷದ ಹಿಂದೆ ನನ್ನ ಚಿಕ್ಕಮ್ಮನ ಮೊಮ್ಮಗಳು, ನಾಲ್ಕು ವರ್ಷದವಳು, ಇಲ್ಲಿನ ಒಂದು ಲಾಡ್ಜಿನಲ್ಲಿ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಹಾಕಲು ಬಂತು, ತೆಗೆಯಲು ಬರಲಿಲ್ಲ. ಒಳಗೆ ಅವಳ ಅಳು, ಹೊರಗೆ ಅವಳ ಅಮ್ಮನ ಅಳು. ರಿಸೆಪ್ಷನ್‌ನಲ್ಲಿ ಸ್ಕ್ರೂಡ್ರೈವರ್ ಕೂಡ ಇರಲಿಲ್ಲ. ಪಕ್ಕದ ಅಂಗಡಿಯಿಂದ ತಂದು ಬಾಗಿಲು ಬಿಚ್ಚುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು. ಆ ಮಗು ಈಗಲೂ ಬಚ್ಚಲ ಬಾಗಿಲು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು: ರೂಮಿಗೆ ಕಾಲಿಟ್ಟ ಕೂಡಲೇ ಒಂದು ದಪ್ಪ ಟವೆಲ್ ಮಡಚಿ ಬಚ್ಚಲ ಬಾಗಿಲಿನ ತಲೆಯ ಮೇಲೆ ಹಾಕಿ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಚಿಲಕ ಕೂರುವುದಿಲ್ಲ. ರೂಮಿನ ಹೊರಬಾಗಿಲ ಚಿಲಕ ಮಗುವಿಗೆ ಎಟುಕುತ್ತದೆಯೇ ಅದನ್ನೂ ನೋಡಿ.

ಬಿಸಿಲಿರುವ ದಿನ ಸೋಲಾರ್ ನೀರು ಸುಡುತ್ತದೆ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊಣಕೈ ಅದ್ದಿ ನೋಡಿ ಮಗುವಿಗೆ ಹಾಕಿ. ನೆಲ ಜಾರುತ್ತಿದ್ದರೆ ಕಾಲೊರೆಸುವ ಮ್ಯಾಟ್ ಇನ್ನೊಂದು ಕೇಳಿ.

ದುಡ್ಡು, ಕಾಗದ

ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಮೊದಲು ಶೇ 12 ಇತ್ತು. ಅದಕ್ಕಿಂತ ಜಾಸ್ತಿ ಬಾಡಿಗೆಗೆ ಶೇ 18. ಹೇಳಿದ ರೇಟಿನಲ್ಲಿ ತೆರಿಗೆ ಸೇರಿದೆಯಾ ಅಂತ ಮೊದಲೇ ಕೇಳಿ. ಊಟದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಹಾಕಿದ್ದರೆ ತೆಗೆಯಿರಿ ಅನ್ನುವ ಹಕ್ಕು ನಿಮಗಿದೆ. ಅದನ್ನು ಬಿಲ್ಲಿಗೆ ತಾವಾಗೇ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಟಿಪ್ಸ್ ಬೇರೆ. ರೂಮ್ ಬಾಯ್‌ಗೆ ಕೈಗೇ ಕೊಡಿ, ಬಕೆಟ್ ಹೊತ್ತು ಮೇಲೆ ಬರುವವನು ಅವನು.

ದೊಡ್ಡವರ ಗುರುತಿನ ಚೀಟಿ ಕೇಳುತ್ತಾರೆ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರಿಂಟ್ ಇಟ್ಟುಕೊಳ್ಳಿ. ಮಗುವಿನ ಆಧಾರ್ ಅಥವಾ ಜನನ ಪ್ರಮಾಣಪತ್ರದ ಜೆರಾಕ್ಸ್ ಒಂದಿರಲಿ. ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ಹೊರಡುವ ಹಿಂದಿನ ದಿನ ಹೋಟೆಲಿಗೆ ಫೋನ್ ಮಾಡಿ, ಬುಕಿಂಗ್ ಅವರ ರಿಜಿಸ್ಟರಿಗೆ ಬಂದಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡು ಕೌಂಟರ್ ಎದುರು ವಾದ ಮಾಡುವ ಕಷ್ಟ ಬೇಡ.

ರೂಮ್ ಸೇರಿದ ದಿನ ಸಂಜೆ

ಎಲ್ಲಿಗೂ ಓಡಬೇಡಿ. ಮಹಾರಾಜ ಪಾರ್ಕಿಗೆ ಆಟೋದಲ್ಲಿ ಹೋಗಿ ಮಗುವನ್ನು ಆಡಲು ಬಿಡಿ. ಪ್ರಯಾಣದ ಜಡ ಅಲ್ಲೇ ಇಳಿಯುತ್ತದೆ, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ವಾಪಸ್ ಬರುವಾಗ ತಡರಾತ್ರಿವರೆಗೆ ತೆರೆದಿರುವ ಮೆಡಿಕಲ್ ಶಾಪ್ ಯಾವುದು, ಹತ್ತಿರದ ಮಕ್ಕಳ ಡಾಕ್ಟರ್ ಯಾರು ಅಂತ ರಿಸೆಪ್ಷನ್‌ನಲ್ಲಿ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಆಂಬುಲೆನ್ಸ್‌ಗೆ 108. ಮಗು ನಿತ್ಯ ತೆಗೆದುಕೊಳ್ಳುವ ಔಷಧಿ, ಜ್ವರದ ಸಿರಪ್, ಓಆರ್‌ಎಸ್ ನಿಮ್ಮ ಚೀಲದಲ್ಲೇ ಇರಲಿ. ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಹಳೇ ಚರ್ಚಿಗೋ ಗೊರೂರು ಅಣೆಕಟ್ಟಿಗೋ ಹೋಗುವುದಾದರೆ ಇನ್ನೊಂದು ದಿನ ಇಟ್ಟುಕೊಳ್ಳಿ. ನೀರಿನ ಅಂಚಿನಲ್ಲಿ ಮಗುವಿನ ಕೈ ಬಿಡಬೇಡಿ.

ಖಾಲಿ ಮಾಡುವ ದಿನ ಬಾಗಿಲ ಮೇಲಿನ ಟವೆಲ್ ತೆಗೆಯಿರಿ, ಚಾರ್ಜರ್ ನೋಡಿ, ಮಂಚದ ಕೆಳಗೆ ಬಗ್ಗಿ ನೋಡಿ. ಮಗು ತಬ್ಬಿಕೊಂಡು ಮಲಗುವ ಬೊಂಬೆ ಗೋಡೆಗೂ ಮಂಚಕ್ಕೂ ನಡುವೆ ಬಿದ್ದಿರುತ್ತದೆ.