ಟ್ಯಾಂಕ್ ಮಾದರಿ: ಬಣ್ಣ, ಮಣ್ಣಿನ ಹಂತದಲ್ಲಿ ಕೆಡಿಸಿಕೊಳ್ಳದಿರಲು

ಟ್ಯಾಂಕ್, ಜೀಪು, ಸೈನಿಕರ ಪ್ಲಾಸ್ಟಿಕ್ ಮಾದರಿಗಳನ್ನು ಕಟ್ಟುವ ಹವ್ಯಾಸಕ್ಕೆ ಹೊಸದಾಗಿ ಇಳಿದವರು ಜೋಡಣೆಯಲ್ಲಿ ಸೋಲುವುದನ್ನು ನಾನು ಹೆಚ್ಚು ಕಂಡಿಲ್ಲ. ಪೆಟ್ಟಿಗೆಯೊಳಗಿನ ಚಿತ್ರಸೂಚಿಯನ್ನು ನೋಡಿಕೊಂಡು ಹೈಸ್ಕೂಲು ಹುಡುಗರೂ ಅಚ್ಚುಕಟ್ಟಾಗಿ ಅಂಟಿಸುತ್ತಾರೆ. ಕೆಲಸ ಕೆಡುವುದು ಬಣ್ಣಕ್ಕೆ ಕೈ ಹಾಕಿದ ಮೇಲೆ. ವಾರಗಟ್ಟಲೆ ಕುಳಿತು ಜೋಡಿಸಿದ ಟ್ಯಾಂಕಿಗೆ ಒಂದೇ ಮಧ್ಯಾಹ್ನದಲ್ಲಿ ದಪ್ಪ ಬಣ್ಣ ಬಳಿದು, ಅದು ಆರುವ ಮೊದಲೇ ಮಣ್ಣು ಮೆತ್ತಿ, ಬೋಲ್ಟುಗಳೂ ವೆಲ್ಡಿಂಗ್ ಗೆರೆಗಳೂ ಕಾಣದಂತೆ ಮುಚ್ಚಿಹೋದ ಮಾದರಿಗಳನ್ನು ನಮ್ಮ ಬಳ್ಳಾರಿಯಲ್ಲಿ ಎಷ್ಟೋ ನೋಡಿದ್ದೇನೆ. ಹಾಗಾಗಿ ಇಲ್ಲಿ ಜೋಡಣೆಗೆ ಕಡಿಮೆ ಜಾಗ, ಬಣ್ಣಕ್ಕೂ ಮಣ್ಣಿಗೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಸೇನಾ ವಾಹನಗಳ ಮಾದರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:35 ಅಳತೆ. ಜಪಾನಿನ ಟಾಮಿಯಾ ಸಂಸ್ಥೆಯು 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಮಾದರಿಯೊಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕೆಂದು ಆರಿಸಿಕೊಂಡ ಅಳತೆಯೇ ಮುಂದೆ ರೂಢಿಯಾಯಿತು. ಈ ಅಳತೆಯಲ್ಲಿ 175 ಸೆಂ.ಮೀ. ಎತ್ತರದ ಸೈನಿಕ 5 ಸೆಂ.ಮೀ. ಆಗುತ್ತಾನೆ, ಸುಮಾರು 7.6 ಮೀಟರ್ ಉದ್ದದ ಸೆಂಚುರಿಯನ್ ಟ್ಯಾಂಕಿನ ಒಡಲು 22 ಸೆಂ.ಮೀ.ಗೆ ಇಳಿಯುತ್ತದೆ. ಅದೇ ಲೆಕ್ಕವನ್ನು ತಿರುಗಿಸಿದರೆ, ನೀವು ಮೆತ್ತುವ 1 ಮಿ.ಮೀ. ಕೆಸರು ನಿಜವಾದ ಟ್ಯಾಂಕಿನ ಮೇಲೆ ಮೂರೂವರೆ ಸೆಂ.ಮೀ. ದಪ್ಪದ ಗಾರೆಯಾಗುತ್ತದೆ, ಬಣ್ಣದಲ್ಲಿ ಸಿಕ್ಕಿಕೊಂಡ ಅರ್ಧ ಮಿ.ಮೀ. ಮರಳಿನ ಕಣ ಜಲ್ಲಿಕಲ್ಲಾಗುತ್ತದೆ. ನೀವು ಹಚ್ಚುವ ಪ್ರತಿಯೊಂದು ಪದರವೂ ನೋಡುವವರ ಕಣ್ಣಿಗೆ ಮೂವತ್ತೈದು ಪಟ್ಟು ದಪ್ಪವಾಗಿ ಬೀಳುತ್ತದೆ ಎಂಬುದನ್ನು ಒಪ್ಪಿಕೊಂಡರೆ ಉಳಿದ ಸಲಹೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಜೋಡಣೆಯ ಬಗ್ಗೆ ಇಷ್ಟು ಸಾಕು: ಬಿಡಿಭಾಗಗಳನ್ನು ಚೌಕಟ್ಟಿನಿಂದ ತಿರುಚಿ ಕೀಳದೆ ಚಪ್ಪಟೆ ಬಾಯಿಯ ಕಟ್ಟರಿನಿಂದ ಕತ್ತರಿಸಿ, ಉಳಿದ ಗಂಟನ್ನು ನೀರು ಮುಟ್ಟಿಸಿದ ವಾಟರ್ ಪೇಪರಿನಿಂದ ಉಜ್ಜಿ, ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ತೆಳು ಸಿಮೆಂಟಿನಿಂದ ಅಂಟಿಸಬೇಕು. ಸೂಪರ್ ಗ್ಲೂ ಲೋಹದ ತಗಡಿನ ಭಾಗಗಳಿಗೆ ಮಾತ್ರ ಇರಲಿ. ಅದು ಗಾಳಿಯ ತೇವದಿಂದ ಗಟ್ಟಿಯಾಗುವ ಅಂಟಾದ್ದರಿಂದ, ನಮ್ಮ ಏಪ್ರಿಲ್ ತಿಂಗಳ ಒಣಹವೆಯಲ್ಲಿ ನಿಧಾನವಾಗಿ ಹಿಡಿಯುತ್ತದೆ. ಹಿಡಿಯಲಿಲ್ಲವೆಂದು ಮತ್ತೆ ಮತ್ತೆ ಸುರಿಯಬಾರದು.

ಜೋಡಣೆ ಮುಗಿದ ಮೇಲೆ ಮಾದರಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆಯೂ ಕೈಜಿಡ್ಡೂ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಮಾದರಿಗಳಿಗೆಂದೇ ಮಾಡಿದ ಬೂದು ಪ್ರೈಮರನ್ನು (ಮೇಲಿನ ಬಣ್ಣ ಹಿಡಿಯಲೆಂದು ಮೊದಲು ಹಾಕುವ ಅಡಿಪದರ) ತೆಳುವಾಗಿ ಎರಡು ಸಲ ಸಿಂಪಡಿಸಬೇಕು. ಆಟೋಮೊಬೈಲ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸ್ಪ್ರೇ ಡಬ್ಬಿಯನ್ನು ಹಲವರು ಇದಕ್ಕೆ ಬಳಸುತ್ತಾರೆ. ಕಾರಿನ ತಗಡಿಗೆ ಬೇಕಾದಷ್ಟು ದಪ್ಪ ಪದರ ಅದರಿಂದ ಬೀಳುತ್ತದೆ. ಕೆಲವು ಡಬ್ಬಿಗಳ ದ್ರಾವಕ ಪ್ಲಾಸ್ಟಿಕ್ಕಿನ ಮೈಯನ್ನೇ ಬಿರಿಯಿಸುತ್ತದೆ. ಉಳಿತಾಯ ಮಾಡಲೇಬೇಕೆಂದಿದ್ದರೆ ಬೇರೆಲ್ಲಾದರೂ ಮಾಡಿ, ಪ್ರೈಮರಿನಲ್ಲಿ ಬೇಡ.

ಮೂಲ ಬಣ್ಣಕ್ಕೆ ನಾನು ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಒಂದನ್ನೇ ಹೇಳುತ್ತೇನೆ. ಆದರೆ ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಅಕ್ರಿಲಿಕ್ ಬಣ್ಣ ಕುಂಚದ ತುದಿಯಲ್ಲೇ ಒಣಗುತ್ತದೆ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನಿಂದ ಹೊರಟ ಹನಿಗಳು ಮಾದರಿಯನ್ನು ಮುಟ್ಟುವ ಮೊದಲೇ ಒಣಗಿ ಮೈ ತರಿತರಿಯಾಗುತ್ತದೆ. ಇದಕ್ಕೆ ಪರಿಹಾರ ಬೆಳಗಿನ ಹೊತ್ತು. ಆರರಿಂದ ಎಂಟು ಗಂಟೆಯೊಳಗೆ, ಫ್ಯಾನ್ ಹಾಕದೆ, ಕಿಟಕಿ ತೆರೆದು, ಮಾಸ್ಕ್ ಕಟ್ಟಿಕೊಂಡು ಬಣ್ಣ ಸಿಂಪಡಿಸಬೇಕು. ಕುಂಚದಲ್ಲಿ ಬಳಿಯುವವರು ಅಗಲವಾದ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಸ್ಪಂಜು ಹಾಸಿ, ಅದರ ಮೇಲೆ ಕೇಕು ಬೇಯಿಸಲು ಬಳಸುವ ಬೇಕಿಂಗ್ ಪೇಪರ್ ಹೊದಿಸಿ, ಬಣ್ಣವನ್ನು ಆ ಕಾಗದದ ಮೇಲೆ ಕಲಸಿಕೊಂಡರೆ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ. ಬೆರೆಸುವ ನೀರು ಬೋರ್‌ವೆಲ್ಲಿನದಾಗಬಾರದು. ಅದರ ಲವಣ ಒಣಗಿದಾಗ ಬಿಳಿ ಕಲೆಯಾಗಿ ಏಳುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟರೆ ಬಹಳ ಕಾಲ ಬರುತ್ತದೆ. ಬಣ್ಣ ನೀರುಮಜ್ಜಿಗೆಯಷ್ಟು ತೆಳುವಾಗಿರಲಿ. ಮೊದಲ ಪದರದಲ್ಲಿ ಕೆಳಗಿನ ಬೂದು ಬಣ್ಣ ಇಣುಕಿಯೇ ಇಣುಕುತ್ತದೆ, ಅದನ್ನು ಕಂಡು ಗಾಬರಿಯಾಗಿ ಕೂಡಲೇ ಮೇಲೆ ಬಳಿಯುವುದೇ ಎಲ್ಲರೂ ಮಾಡುವ ತಪ್ಪು. ಪೂರ್ತಿ ಒಣಗಲು ಬಿಟ್ಟು ಮೂರು ನಾಲ್ಕು ಪದರಗಳಲ್ಲಿ ಮುಚ್ಚಬೇಕು.

ಇನ್ನು ವಾಶ್. ಕೀಲು, ಮೂಲೆ, ಬೋಲ್ಟಿನ ಬುಡಗಳಲ್ಲಿ ನೆರಳಿನಂತೆ ಕಡುಗಂದು ಬಣ್ಣ ಇಳಿಸುವ ಈ ಹಂತವೇ ಹೆಚ್ಚು ಮಾದರಿಗಳನ್ನು ಕೊಂದಿದೆ. ವಾಶನ್ನು ಚಿತ್ರಕಾರರ ಆಯಿಲ್ ಬಣ್ಣದಿಂದ ಮಾಡುತ್ತೇವೆ, ಅದನ್ನು ತೆಳುಗೊಳಿಸುವುದು ಮಿನರಲ್ ಟರ್ಪೆಂಟೈನ್. ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ‘ಥಿನ್ನರ್’ ಎಂದು ಕೇಳಿದರೆ ಫರ್ನಿಚರ್ ಪಾಲಿಶಿಗೆ ಬಳಸುವ ಎನ್‌ಸಿ ಥಿನ್ನರ್ ಕೊಡುತ್ತಾರೆ. ಅದು ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ಒಟ್ಟಿಗೆ ಕರಗಿಸುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅಸಿಟೋನ್ ಇದ್ದರೆ ಅದೂ ಅಷ್ಟೇ. ಮಿನರಲ್ ಟರ್ಪೆಂಟೈನ್ ಎಂದು ಹೆಸರು ಹೇಳಿ ಕೇಳಬೇಕು.

ಅದನ್ನು ತಂದ ಮೇಲೂ ನೇರವಾಗಿ ಬಣ್ಣದ ಮೇಲೆ ಹಾಕುವಂತಿಲ್ಲ. ಅಕ್ರಿಲಿಕ್ ಬಣ್ಣ ಒಂದು ಇಡೀ ದಿನ ಆರಿದ ಬಳಿಕ ಹೊಳಪಿನ ಅಕ್ರಿಲಿಕ್ ವಾರ್ನಿಷ್ ತೆಳುವಾಗಿ ಹೊಡೆದು, ಡಿಕಾಲ್ (ಸಂಖ್ಯೆ, ಲಾಂಛನಗಳ ತೆಳು ಅಂಟುಚಿತ್ರ) ಅಂಟಿಸಿ, ಅದರ ಮೇಲೆ ಇನ್ನೊಮ್ಮೆ ವಾರ್ನಿಷ್ ಹೊಡೆದು, ಮತ್ತೊಂದು ದಿನ ಬಿಡಬೇಕು. ಹೊಳಪಿನ ಮೈ ನುಣುಪಾಗಿರುವುದರಿಂದ ವಾಶ್ ಹರಡಿ ಕಲೆಯಾಗದೆ ಗೆರೆಯನ್ನು ಹಿಡಿದು ಓಡುತ್ತದೆ. ಮಂಕು ಮೈಯಾದರೆ ಬಿದ್ದಲ್ಲೇ ಹೀರಿಕೊಂಡು ಒಣಗಿ ಅಂಚು ಕಟ್ಟುತ್ತದೆ. ಇಡೀ ಟ್ಯಾಂಕಿಗೆ ವಾಶ್ ಬಳಿಯಬೇಡಿ. ಮೊನಚು ಕುಂಚವನ್ನು ಅದ್ದಿ, ಬಟ್ಟೆಗೆ ಒತ್ತಿ ಹೆಚ್ಚಿನದನ್ನು ತೆಗೆದು, ಬೋಲ್ಟಿನ ಬುಡಕ್ಕೆ ತುದಿಯನ್ನಷ್ಟೇ ತಾಗಿಸಿ. ದ್ರವ ತಾನೇ ಸುತ್ತುವರಿದು ನಿಲ್ಲುತ್ತದೆ. ಇಪ್ಪತ್ತು ನಿಮಿಷ ಬಿಟ್ಟು, ಟರ್ಪೆಂಟೈನ್ ಸೋಕಿಸಿ ಒರೆಸಿದ ಚಪ್ಪಟೆ ಕುಂಚದಿಂದ ಹೊರಚೆಲ್ಲಿದ್ದನ್ನು ಮೇಲಿನಿಂದ ಕೆಳಕ್ಕೆ ಎಳೆದು ತೆಗೆಯಿರಿ. ಬಣ್ಣ ತಾಗದ ಒಳಭಾಗಗಳಲ್ಲಿ ವಾಶ್ ಮಡುಗಟ್ಟಿ ನಿಂತರೆ ಪ್ಲಾಸ್ಟಿಕ್ ಬಿರುಸಾಗಿ, ಗಾಲಿಯ ಅಚ್ಚುಗಳು ಮುರಿಯುತ್ತವೆ. ಅಲ್ಲಿ ನಿಂತದ್ದನ್ನು ಟಿಶ್ಯೂ ತುದಿಯಿಂದ ಕೂಡಲೇ ಹೀರಿಸಬೇಕು. ಕೊನೆಗೆ ಮಂಕು ವಾರ್ನಿಷ್.

ಮಣ್ಣಿನ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು. ಸಂಡೂರಿನ ಅದಿರಿನ ಕೆಂಪು ಧೂಳು ಕೈಗೆ ಸುಲಭವಾಗಿ ಸಿಗುತ್ತದೆ, ನೋಡಲೂ ಚೆಂದ, ಆದರೆ ಅದನ್ನು ಎಲ್ಲ ಟ್ಯಾಂಕಿಗೂ ಎರಚುವುದು ಸರಿಯಲ್ಲ. 1971ರ ಡಿಸೆಂಬರ್ 16ರಂದು, ಭಾರತ-ಪಾಕಿಸ್ತಾನ ಯುದ್ಧದ ಬಸಂತರ್ ಕಾಳಗದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್ಪಾಲ್ ‘ಫಾಮಗುಸ್ತಾ’ ಎಂಬ ಹೆಸರಿನ ಸೆಂಚುರಿಯನ್ನಿನಲ್ಲಿ ಹೋರಾಡುತ್ತ ಪ್ರಾಣ ಕೊಟ್ಟರು. ಮರಣೋತ್ತರವಾಗಿ ಅವರಿಗೆ ಪರಮವೀರ ಚಕ್ರ ಸಂದಿತು. ಆ ಟ್ಯಾಂಕನ್ನು ಕಟ್ಟುವವರು ಕಾಳಗ ನಡೆದ ರಾವಿ ಸೀಮೆಯ ಮೆಕ್ಕಲು ಮಣ್ಣಿನ ಮಾಸಲು ಬೂದುಗಂದನ್ನೇ ಹಚ್ಚಬೇಕು. ಕೆಂಪು ಧೂಳು ವಿಯೆಟ್ನಾಂ ಯುದ್ಧದಲ್ಲಿ ಸೈನಿಕರನ್ನು ಸಾಗಿಸಿದ ಎಂ-113 ಕವಚ ವಾಹನಕ್ಕೆ ಒಪ್ಪುತ್ತದೆ. ನಮ್ಮ ಎರೆಮಣ್ಣು 1943ರ ಉಕ್ರೇನಿನ ಟಿ-34 ಟ್ಯಾಂಕಿಗೆ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅಲ್ಲಿನದೂ ಕಪ್ಪು ನೆಲವೇ.

ಮಣ್ಣು ಯಾವುದೇ ಇರಲಿ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಹುರಿದು ತೇವ ತೆಗೆದು, ಕುಟ್ಟಿ, ತೆಳು ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿದ ಹುಡಿಯನ್ನು ಮಾತ್ರ ಬಳಸಬೇಕು. ಎರೆಮಣ್ಣು ಒಣಗಿದಾಗ ಬಿರಿದು ಉದುರುವುದರಿಂದ ಅದಕ್ಕೆ ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಒಣಗಿದ ಮೇಲೆ ಹೊಳೆಯದ, ಬಣ್ಣವಿಲ್ಲದ ಅಂಟುದ್ರವ) ಬೆರೆಸಲೇಬೇಕು. ಒಣ ಧೂಳನ್ನು ಕುಂಚದಿಂದ ಇರಿಸಿ, ಪಕ್ಕದಲ್ಲಿ ಒಂದು ಹನಿ ಟರ್ಪೆಂಟೈನ್ ತಾಗಿಸಿದರೆ ಅದು ಧೂಳಿನೊಳಗೆ ಹರಿದು ಹಿಡಿಸುತ್ತದೆ. ಹಸಿಯಿದ್ದಾಗ ಕಪ್ಪಾಗಿ ಕಾಣುವುದು ಒಣಗಿದಾಗ ತಿಳಿಯಾಗುತ್ತದೆ, ಆದ್ದರಿಂದ ಒಣಗುವವರೆಗೆ ಎರಡನೆಯ ಸಲ ಹಾಕಬೇಡಿ. ಚೈನು, ಗಾಲಿ, ಒಡಲಿನ ಕೆಳಭಾಗ, ಮಡ್‌ಗಾರ್ಡ್, ಸಿಬ್ಬಂದಿ ಕಾಲಿಟ್ಟು ಹತ್ತುವ ಜಾಗ: ಧೂಳು ಇಲ್ಲಿರಬೇಕು. ಫಿರಂಗಿ ಕೂರಿಸಿದ ಗೋಪುರದ ನೆತ್ತಿಯ ಮೇಲೆ ಕೆಸರು ಮೆತ್ತಲು ಕಾರಣವೇ ಇಲ್ಲ.

ಸೈನಿಕರ ಬೊಂಬೆಗಳಿಗೆ ‘ಫ್ಲೆಶ್’ ಎಂಬ ಚೀಟಿಯ ಬಾಟಲಿಯನ್ನು ಕೊಳ್ಳಬೇಡಿ. ಅದು ಯುರೋಪಿನವರ ನಸುಗೆಂಪು ಮೈಬಣ್ಣ. ನಮ್ಮ ಸೈನಿಕರಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಸ್ವಲ್ಪ ಯೆಲ್ಲೋ ಓಕರ್ ಎಂಬ ಮಣ್ಣುಹಳದಿ ಬೆರೆಸಿ ನಡುಬಣ್ಣ ಮಾಡಿಕೊಂಡು, ಕೆನ್ನೆಮೂಳೆ, ಮೂಗಿನ ದಿಂಡಿನ ಮೇಲೆ ಅದನ್ನೇ ತಿಳಿಗೊಳಿಸಿ ಹಚ್ಚಿ. ಒಂದು ಸೆಂ.ಮೀ. ತೆರೆದ ಕಣ್ಣು ಈ ಅಳತೆಯಲ್ಲಿ 0.3 ಮಿ.ಮೀ. ಕೂಡ ಇರುವುದಿಲ್ಲ. ಅಲ್ಲಿ ಅಚ್ಚ ಬಿಳಿ ಇಟ್ಟರೆ ಬೊಂಬೆ ಬೆಚ್ಚಿಬಿದ್ದಂತೆ ಕಾಣುತ್ತದೆ; ಕಡುಗಂದು ಗೆರೆಯೊಂದನ್ನು ಎಳೆದು, ಬೇಕಿದ್ದರೆ ಅದರ ಎರಡು ತುದಿಗಳಲ್ಲಿ ಮಾಸಲು ಬಿಳಿಯ ಚುಕ್ಕೆ ಇಡಬಹುದು. ಇದಕ್ಕೆ ಅತಿ ಸಣ್ಣ ಕುಂಚ ಬೇಕೆಂಬುದು ತಪ್ಪು ತಿಳಿವಳಿಕೆ. ಮೊನೆ ಚೆನ್ನಾಗಿರುವ 1ನೇ ನಂಬರಿನ ಸೇಬಲ್ (ಪ್ರಾಣಿಕೂದಲಿನ) ಕುಂಚ ಹೊಟ್ಟೆಯಲ್ಲಿ ಬಣ್ಣ ಹಿಡಿದಿಟ್ಟುಕೊಳ್ಳುವುದರಿಂದ ನಮ್ಮ ಸೆಕೆಯಲ್ಲಿ ಅದೇ ಮೇಲು.

ಮುಗಿದ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ, ಪಶ್ಚಿಮದ ಬಿಸಿಲು ಬೀಳದ ಗೋಡೆಗೆ ಇಡಿ. ಕಿಟ್ಟಿನ ಚೈನು ಮೆತ್ತನೆಯ ವಿನೈಲಿನದಾಗಿದ್ದರೆ, ಅದು ಗಾಲಿಯ ಪ್ಲಾಸ್ಟಿಕ್ಕನ್ನು ಮುಟ್ಟುವ ಕಡೆಯೆಲ್ಲ ಮೊದಲೇ ಬಣ್ಣ, ವಾರ್ನಿಷ್ ಹಚ್ಚಿರಬೇಕು. ಇಲ್ಲದಿದ್ದರೆ ವಿನೈಲಿನಿಂದ ಒಸರುವ ಎಣ್ಣೆಯಂಥ ಅಂಶ ಕೆಲವು ವರ್ಷಗಳಲ್ಲಿ ಗಾಲಿಗಳನ್ನು ತಿನ್ನುತ್ತದೆ.