ರೋಮ್‌ನಲ್ಲಿ ಫಿಲಿಪಿನೊ ಅಡುಗೆಮನೆ: ಯಾವುದನ್ನು ಹುಡುಕಬೇಕು, ಯಾವುದನ್ನು ಬಿಡಬೇಕು

ಮನೆಗೆಲಸಕ್ಕೆಂದು 1970ರ ದಶಕದಿಂದ ಇಟಲಿಗೆ ಬರತೊಡಗಿದ ಫಿಲಿಪಿನೊ ಹೆಂಗಸರು ಮತ್ತು ಅವರ ಹಿಂದೆ ಬಂದ ಕುಟುಂಬಗಳು ಹೆಚ್ಚಾಗಿ ನೆಲೆಸಿರುವುದು ಮಿಲಾನ್ ಮತ್ತು ರೋಮ್ ನಗರಗಳಲ್ಲಿ. ರೋಮ್‌ಗೆ ಹೊಸದಾಗಿ ಬಂದು, ಬಾಡಿಗೆ ಮನೆಯ ಸಣ್ಣ ಒಲೆಯ ಮೇಲೆ ತಮ್ಮೂರಿನ ಊಟವನ್ನು ಮಾಡಿಕೊಳ್ಳಬೇಕಾದ ಅಂಥ ಒಂದು ಕುಟುಂಬವನ್ನು ಕಣ್ಣಮುಂದೆ ಇಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದೆ. ಅವರೊಡನೆ ಮನೆ ಹಂಚಿಕೊಂಡಿರುವ ಅಥವಾ ಆ ಅಡುಗೆಯನ್ನು ಕಲಿಯಬಯಸುವ ಕನ್ನಡಿಗರಿಗೂ ಇದು ಉಪಯೋಗಕ್ಕೆ ಬಂದೀತು. ಹೊಸಬರು ಸಾಮಾನ್ಯವಾಗಿ ಊರಿನಲ್ಲಿ ಸಿಗುತ್ತಿದ್ದ ಪ್ರತಿಯೊಂದು ತರಕಾರಿಯನ್ನೂ ಹುಡುಕಿಕೊಂಡು ಅಲೆಯುತ್ತಾರೆ. ಆದರೆ ಹುಳಿಗೆ ಮತ್ತು ಉಪ್ಪಿಗೆ ಬೇಕಾದ ನಾಲ್ಕೈದು ಬಾಟಲಿಗಳ ವಿಷಯದಲ್ಲಿ ಮಾತ್ರ ಕೈಗೆ ಸಿಕ್ಕಿದ್ದನ್ನು ಕೊಂಡುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದನ್ನು ತಿರುಗುಮುರುಗಾಗಿಸಬೇಕು. ಬಾಟಲಿಗಳ ವಿಷಯದಲ್ಲಿ ಹಠವಿರಲಿ. ಮಾಂಸವನ್ನೂ ಸೊಪ್ಪನ್ನೂ ರೋಮ್‌ನ ಸಂತೆಯೇ ಕೊಡಲಿ.

ಸಂತೆ ಮತ್ತು ವಾರದ ಲೆಕ್ಕ

ಟೆರ್ಮಿನಿ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಎಸ್ಕ್ವಿಲಿನೊ ಮಾರುಕಟ್ಟೆ ಈ ಅಡುಗೆಮನೆಯ ಬೆನ್ನೆಲುಬು. ಹಿಂದೆ ವಿತ್ತೋರಿಯೊ ಚೌಕದಲ್ಲಿ ಬಯಲಲ್ಲೇ ನಡೆಯುತ್ತಿದ್ದ ಈ ಸಂತೆ 2001ರಲ್ಲಿ ಸಮೀಪದ ಹಳೆಯ ಸೇನಾ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಬಾಂಗ್ಲಾದೇಶದ, ಭಾರತದ ಮತ್ತು ಚೀನಾದ ವ್ಯಾಪಾರಿಗಳು ಇಲ್ಲಿ ಹಾಗಲಕಾಯಿ, ನುಗ್ಗೆಕಾಯಿ, ಬೆಂಡೆಕಾಯಿ, ಹಸಿ ಪಪ್ಪಾಯಿ, ಕೆಸುವಿನ ಗೆಡ್ಡೆ, ಉದ್ದನೆಯ ಅಲಸಂದೆಕಾಯಿಗಳನ್ನು ಮಾರುತ್ತಾರೆ. ಇವೆಲ್ಲ ಫಿಲಿಪಿನೊ ಅಡುಗೆಗೂ ಬೇಕಾದವುಗಳೇ ಆಗಿರುವುದರಿಂದ, ಬೆಂಗಳೂರಿನಿಂದ ಬಂದವರೂ ಮನಿಲಾದಿಂದ ಬಂದವರೂ ಒಂದೇ ಅಂಗಡಿಯ ಮುಂದೆ ಸರದಿಯಲ್ಲಿ ನಿಲ್ಲುವುದುಂಟು.

ವಾರದ ರಜೆಯನ್ನು ನೋಡಿಕೊಂಡು ಖರೀದಿಯನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಯಜಮಾನರ ಮನೆಯಲ್ಲಿಯೇ ವಾಸವಿದ್ದು ಕೆಲಸ ಮಾಡುವವರಿಗೆ ಇಟಲಿಯ ಮನೆಗೆಲಸದ ಒಪ್ಪಂದದ ಪ್ರಕಾರ ವಾರಕ್ಕೆ 36 ಗಂಟೆಗಳ ಬಿಡುವಿದ್ದು, ಅದರಲ್ಲಿ 24 ಗಂಟೆ ಭಾನುವಾರಕ್ಕೂ ಉಳಿದ 12 ಗಂಟೆ ಒಪ್ಪಿಕೊಂಡ ಇನ್ನೊಂದು ದಿನಕ್ಕೂ ಸೇರುತ್ತದೆ. ರೂಢಿಯಲ್ಲಿ ಈ ಇನ್ನೊಂದು ಬಿಡುವು ಗುರುವಾರ ಮಧ್ಯಾಹ್ನಕ್ಕೆ ಬೀಳುತ್ತದೆ. ಭಾನುವಾರ ಎಸ್ಕ್ವಿಲಿನೊ ಮಾರುಕಟ್ಟೆಗೆ ರಜೆ, ಉಳಿದ ದಿನಗಳಲ್ಲಿಯೂ ಅದು ರಾತ್ರಿಯವರೆಗೆ ತೆರೆದಿರುವುದಿಲ್ಲ. ಆದ್ದರಿಂದ ಗುರುವಾರ ಬಿಡುವು ಸಿಕ್ಕ ಕೂಡಲೇ ಹೋಗಿ ಮಾಂಸ, ತರಕಾರಿಗಳನ್ನು ತಂದಿಟ್ಟುಕೊಂಡು, ಬಾಟಲಿಗಳನ್ನೂ ಅಕ್ಕಿಯನ್ನೂ ಸುತ್ತಲಿನ ಬೀದಿಗಳ ಏಷ್ಯನ್ ದಿನಸಿ ಅಂಗಡಿಗಳಿಂದ ನಿಧಾನವಾಗಿ ಕೊಳ್ಳುವುದು ಸರಿಯಾದ ಕ್ರಮ. 1991ರಿಂದ ರೋಮ್‌ನ ಫಿಲಿಪಿನೊ ಸಮುದಾಯದ ಚರ್ಚ್ ಆಗಿರುವ ಸಾಂತಾ ಪುದೆನ್ಸಿಯಾನಾ ಕೂಡ ಇಲ್ಲಿಂದ ನಡೆದೇ ಹೋಗಬಹುದಾದ ಊರ್ಬಾನಾ ಬೀದಿಯಲ್ಲಿದೆ. ಯಾವ ಅಂಗಡಿಗೆ ಹೊಸ ಸರಕು ಬಂದಿದೆ ಎಂಬ ಸುದ್ದಿ ಭಾನುವಾರದ ಪೂಜೆಯ ನಂತರ ಅಲ್ಲಿ ಸಿಗುವಷ್ಟು ಖಚಿತವಾಗಿ ಬೇರೆಲ್ಲೂ ಸಿಗಲಾರದು.

ಬಾಟಲಿಗಳು

ಮೊದಲನೆಯದು ವಿನೆಗರ್. ಫಿಲಿಪೀನ್ಸ್‌ನಲ್ಲಿ ಕಬ್ಬಿನ, ತೆಂಗಿನ ಅಥವಾ ನೀಪಾ ತಾಳೆಯ ರಸದಿಂದ ತಯಾರಾಗುವ ವಿನೆಗರ್ ಮೃದುವಾಗಿರುತ್ತದೆ. ದಾತು ಪುತಿ ಎಂಬ ಹೆಸರಿನ ಬಾಟಲಿ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತದೆ ಮತ್ತು ಬೆಲೆಯೂ ಹೆಚ್ಚಲ್ಲ. ಅದು ಸಿಗದ ದಿನ ಸೂಪರ್ ಮಾರ್ಕೆಟ್ಟಿನ ಬಿಳಿ ದ್ರಾಕ್ಷಾರಸದ ವಿನೆಗರ್ ಬಳಸಬಹುದಾದರೂ, ಐರೋಪ್ಯ ನಿಯಮದಂತೆ ಅದರ ಆಮ್ಲತೆ ಶೇ. 6ಕ್ಕಿಂತ ಕಡಿಮೆ ಇರುವಂತಿಲ್ಲವಾದ್ದರಿಂದ, ನಾಲ್ಕು ಪಾಲು ವಿನೆಗರ್‌ಗೆ ಒಂದು ಪಾಲು ನೀರು ಬೆರೆಸಿಕೊಳ್ಳಬೇಕು. ಸೇಬಿನ ವಿನೆಗರ್ ಇನ್ನೂ ಹತ್ತಿರದ್ದು. ಮೊದೆನಾದ ಬಾಲ್ಸಾಮಿಕ್ ವಿನೆಗರ್ ಎಷ್ಟೇ ಹೆಸರುವಾಸಿಯಾಗಿರಲಿ, ಅದರ ಸಿಹಿ ಮತ್ತು ಕಪ್ಪು ಬಣ್ಣ, ವಿನೆಗರ್ ಮತ್ತು ಸೋಯಾ ಸಾಸಿನಲ್ಲಿ ಮಾಂಸ ಬೇಯಿಸುವ ಅಡೊಬೊವನ್ನು ಕೆಡಿಸುತ್ತವೆ.

ಮೀನಿನ ಉಪ್ಪುರಸವಾದ ಪಾತೀಸ್‌ಗೆ ಥಾಯ್ ಅಥವಾ ವಿಯೆಟ್ನಾಂ ದೇಶದ ಮೀನಿನ ಸಾಸ್ ಸಾಕಷ್ಟು ಚೆನ್ನಾಗಿ ಹೊಂದುತ್ತದೆ. ಅಮಾಲ್ಫಿ ಕರಾವಳಿಯ ಚೇತಾರಾ ಎಂಬ ಊರಿನಲ್ಲಿ ಆಂಚೊವಿ ಮೀನನ್ನು ಉಪ್ಪಿನಲ್ಲಿ ಹುದುಗಿಸಿ ಇಳಿಸುವ ಕೊಲಾತೂರಾ ಎಂಬ ರಸವೂ ಇದೇ ಜಾತಿಯದು, ಆದರೆ ಅದರ ಬೆಲೆಗೆ ಐದಾರು ಬಾಟಲಿ ಪಾತೀಸ್ ಬರುತ್ತದೆ. ಹುದುಗಿಸಿದ ಸಿಗಡಿಯ ಬಾಗೊಒಂಗ್‌ಗೆ ಮಾತ್ರ ಬದಲಿ ಹುಡುಕಬಾರದು. ಸೋಯಾ ಸಾಸ್ ವಿಷಯದಲ್ಲಿ ಸಿಲ್ವರ್ ಸ್ವಾನ್‌ನಂಥ ಫಿಲಿಪಿನೊ ತಯಾರಿಕೆ ಒಳ್ಳೆಯದು. ಎಲ್ಲೆಡೆ ಸಿಗುವ ಜಪಾನಿ ಸೋಯಾ ಸಾಸನ್ನು ಬಳಸುವುದಾದರೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ ರುಚಿ ನೋಡುತ್ತಾ ಹೋಗಬೇಕು. ಕಲಮಾನ್ಸಿ ಎಂಬ ಪುಟ್ಟ ನಿಂಬೆ ತಾಜಾ ಸಿಗುವುದು ದುರ್ಲಭ. ಎರಡು ಪಾಲು ನಿಂಬೆರಸಕ್ಕೆ ಒಂದು ಪಾಲು ಮ್ಯಾಂಡರಿನ್ ಕಿತ್ತಳೆಯ ರಸ ಬೆರೆಸಿದರೆ ಅದರ ಪರಿಮಳಕ್ಕೆ ಸಮೀಪಿಸುತ್ತದೆ. ತೆಂಗಿನ ಹಾಲನ್ನು ಡಬ್ಬಿಯಲ್ಲಿ ಬರುವುದನ್ನೇ ಕೊಳ್ಳಬೇಕು; ಹಾಲಿನ ಸಾಲಿನಲ್ಲಿ ಪೆಟ್ಟಿಗೆಯಲ್ಲಿಟ್ಟು ಮಾರುವುದು ಕುಡಿಯಲೆಂದು ನೀರು ಬೆರೆಸಿದ ಪಾನೀಯ.

ಅಕ್ಕಿಯ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಇಟಲಿ ಯುರೋಪಿನಲ್ಲೇ ಅತಿ ಹೆಚ್ಚು ಭತ್ತ ಬೆಳೆಯುವ ದೇಶವಾದರೂ ಅಲ್ಲಿನ ಆರ್ಬೋರಿಯೊ, ಕಾರ್ನರೋಲಿ ಅಕ್ಕಿಗಳು ರಿಸೊಟ್ಟೊಗೆ ಹೇಳಿ ಮಾಡಿಸಿದವು. ದಿನದ ಅನ್ನಕ್ಕೆ ಥಾಯ್ ಜಾಸ್ಮಿನ್ ಅಕ್ಕಿಯ ದೊಡ್ಡ ಚೀಲವೇ ಅಗ್ಗ. ಅಂಟಕ್ಕಿಯ ಸಿಹಿತಿಂಡಿಗಳಿಗೆ ಅಂಟಕ್ಕಿಯೇ ಬೇಕು. ರಾತ್ರಿ ಉಳಿದ ಅನ್ನವನ್ನು ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬೆಳ್ಳುಳ್ಳಿಯಲ್ಲಿ ಹುರಿದರೆ ಸಿನಂಗಾಗ್ ಆಗುತ್ತದೆ. ಜೊತೆಗೆ ಒಂದು ಮೊಟ್ಟೆಯಿದ್ದರೆ ಕೆಲಸಕ್ಕೆ ಹೊರಡುವವರ ಉಪಾಹಾರ ಮುಗಿಯಿತು.

ಕಸಾಯಿಯವನ ಅಂಗಡಿಯಲ್ಲಿ

ಫಿಲಿಪಿನೊ ಅಡುಗೆಗೆ ರೋಮ್‌ನಷ್ಟು ಅನುಕೂಲವಾದ ನಗರಗಳು ಯುರೋಪಿನಲ್ಲಿ ಹೆಚ್ಚಿಲ್ಲವೆಂದು ನಾನು ಹೇಳುವುದು ಇಲ್ಲಿನ ಮಾಂಸದಂಗಡಿಗಳನ್ನು ನೋಡಿ. ಟೆಸ್ತಾಚ್ಚೊ ಬಡಾವಣೆಯ ಹಳೆಯ ಕಸಾಯಿಖಾನೆಯ ಸುತ್ತ ಬೆಳೆದ ರೋಮ್‌ನ ಬಡವರ ಅಡುಗೆಯಲ್ಲಿ ದನದ ಬಾಲ, ಬೋಟಿ, ಕಾಲು, ಒಳಾಂಗಗಳಿಗೇ ಮುಖ್ಯ ಸ್ಥಾನ. ಉತ್ತರ ಯುರೋಪಿನ ಅನೇಕ ಊರುಗಳಲ್ಲಿ ಮೊದಲೇ ಹೇಳಿಟ್ಟು ತರಿಸಬೇಕಾದ ದನದ ಬಾಲವನ್ನು ಇಲ್ಲಿ ‘ಕೋದಾ’ ಎಂದು ಕೇಳಿದರೆ ತುಂಡು ಮಾಡಿಯೇ ಕೊಡುತ್ತಾರೆ.

ಕಾರೆ-ಕಾರೆ ಎಂಬ ಕಡಲೆಕಾಯಿಯ ಮಾಂಸದ ಸಾರಿಗೆ ಬೇಕಾದದ್ದು ಅದೇ. ಒಂದು ಕಿಲೊ ಬಾಲದ ತುಂಡುಗಳನ್ನು ಒಮ್ಮೆ ಕುದಿಸಿ, ಮೇಲೆ ಬಂದ ನೊರೆಯನ್ನು ನೀರಿನೊಂದಿಗೆ ಚೆಲ್ಲಿ, ಹೊಸ ನೀರಿನಲ್ಲಿ ಒಂದು ಈರುಳ್ಳಿಯೊಂದಿಗೆ ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸಬೇಕು. ಪ್ರೆಷರ್ ಕುಕ್ಕರ್ ಇದ್ದರೆ ಸುಮಾರು ಒಂದು ಗಂಟೆ ಸಾಕು. ಬಾಲವನ್ನು ಹಿಂದಿನ ರಾತ್ರಿಯೇ ಬೇಯಿಸಿ ಫ್ರಿಜ್ಜಿನಲ್ಲಿಟ್ಟರೆ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಸುಲಭವಾಗಿ ತೆಗೆದುಹಾಕಬಹುದು. ಮರುದಿನ ಬೆಳ್ಳುಳ್ಳಿ, ಈರುಳ್ಳಿಯನ್ನು ಹುರಿದು, ಬೇಯಿಸಿದ ರಸವನ್ನು ಸುರಿದು, ಸಕ್ಕರೆ ಬೆರೆಸದ ಕಡಲೆಕಾಯಿ ಬೆಣ್ಣೆಯನ್ನು 150ರಿಂದ 200 ಗ್ರಾಂನಷ್ಟು ಕರಗಿಸಿ, ಕೆಂಪಗೆ ಹುರಿದು ಪುಡಿ ಮಾಡಿದ ಮೂರು ಚಮಚ ಅಕ್ಕಿಯಿಂದ ಗಟ್ಟಿಗೊಳಿಸಬೇಕು. ಅತ್ಸ್ವೇತೆ ಎಂಬ ಕೆಂಪು ಬೀಜವನ್ನು ಬಿಸಿ ಎಣ್ಣೆಯಲ್ಲಿ ನೆನೆಸಿದರೆ ಕಿತ್ತಳೆ ಬಣ್ಣ ಬರುತ್ತದೆ. ಅದಿಲ್ಲದಿದ್ದರೆ ಖಾರವಿಲ್ಲದ ಪಾಪ್ರಿಕಾ ಪುಡಿ ಬಣ್ಣವನ್ನಷ್ಟೇ ಕೊಡುತ್ತದೆ. ಬದನೆ, ಅಲಸಂದೆಕಾಯಿ, ಬಾಳೆ ಹೂವು ಮತ್ತು ಸೊಪ್ಪನ್ನು ಬೇರೆಯಾಗಿ ಬೇಯಿಸಿ ಕೊನೆಯಲ್ಲಿ ಸೇರಿಸುವುದು. ಈ ಸಾರಿಗೆ ಉಪ್ಪು ಹಾಕುವುದಿಲ್ಲ ಎಂಬುದನ್ನು ಹೊಸಬರು ನಂಬುವುದು ಕಷ್ಟ. ಪಕ್ಕದಲ್ಲಿ ಬಡಿಸುವ ಬಾಗೊಒಂಗ್ ಅಷ್ಟು ಉಪ್ಪಾಗಿರುವುದರಿಂದ ಪಾತ್ರೆಯೊಳಗಿನದು ಸಪ್ಪೆಯಾಗಿಯೇ ಇರಬೇಕು.

ಸಿನಿಗಾಂಗ್ ಎಂಬ ಹುಳಿಸಾರಿಗೆ ಹಂದಿಯ ಪಕ್ಕೆಲುಬುಗಳನ್ನು ರೋಮ್‌ನಲ್ಲಿ ‘ಸ್ಪುಂತಾತೂರೆ’ ಎಂದು ಕೇಳಬೇಕು. ಅಕ್ಕಿ ತೊಳೆದ ಎರಡನೆಯ ನೀರನ್ನು, ಅಂದರೆ ನಮ್ಮ ಹಳ್ಳಿಗಳಲ್ಲಿ ದನಗಳಿಗೆ ಹೋಗುವ ಅಕ್ಕಚ್ಚನ್ನು, ಫಿಲಿಪಿನೊ ಅಡುಗೆಯವರು ಇದಕ್ಕೆಂದೇ ತೆಗೆದಿಡುತ್ತಾರೆ. ಸಾರಿಗೆ ಅದು ಸಣ್ಣ ಮಂದತೆಯನ್ನು ಕೊಡುತ್ತದೆ. ಒಂದು ಕಿಲೊ ಪಕ್ಕೆಲುಬಿಗೆ ಎರಡು ಲೀಟರಿನಷ್ಟು ನೀರು ಹಾಕಿ, ಈರುಳ್ಳಿ, ಟೊಮೆಟೊ ಮತ್ತು ಕೆಸುವಿನ ಗೆಡ್ಡೆಯೊಂದಿಗೆ ಮಾಂಸ ಮೆತ್ತಗಾಗುವವರೆಗೆ ಬೇಯಿಸಿ, ಆಮೇಲೆ ಮೂಲಂಗಿ, ಅಲಸಂದೆಕಾಯಿ, ಬೆಂಡೆಕಾಯಿಗಳನ್ನು ಅವು ಬೇಯುವ ಹೊತ್ತಿಗೆ ತಕ್ಕಂತೆ ಹಾಕುತ್ತಾ ಬರಬೇಕು. ಹುಣಸೆಯ ವಿಷಯದಲ್ಲಿ ಕನ್ನಡದ ಓದುಗರು ಎಚ್ಚರ ವಹಿಸಬೇಕು, ಏಕೆಂದರೆ ಅಲ್ಲಿ ಬಳಸುವುದು ಎಳೆಯ ಹಸಿರು ಹುಣಸೆಕಾಯಿಯನ್ನು. ಭಾರತೀಯ ಅಂಗಡಿಯ ಕಪ್ಪು ಹುಣಸೆಹಣ್ಣನ್ನು ಹಿಂಡಿದರೆ ಸಾರು ಕಂದುಬಣ್ಣಕ್ಕೆ ತಿರುಗಿ ಸಿಹಿ ಸೇರಿಕೊಳ್ಳುತ್ತದೆ. ಹಸಿ ಕಾಯಿ ಸಿಗದಾಗ ಸ್ವಲ್ಪ ಹುಣಸೆಹಣ್ಣಿನ ರಸಕ್ಕೆ ಕೊನೆಯಲ್ಲಿ ನಿಂಬೆರಸ ಸೇರಿಸುವುದು, ಇಲ್ಲವೆ ಸಿನಿಗಾಂಗ್ ಪುಡಿಯ ಪೊಟ್ಟಣವನ್ನು ಬಳಸುವುದು ಮೇಲು. ಪೊಟ್ಟಣದಲ್ಲಿ ಸಾಕಷ್ಟು ಉಪ್ಪಿರುವುದರಿಂದ ಪಾತೀಸ್ ಹಾಕುವುದು ಅದರ ನಂತರವೇ. ಒಲೆ ಆರಿಸುವ ಮುನ್ನ ಹಾಕುವ ಕಾಂಗ್ಕೊಂಗ್ ಸೊಪ್ಪು ಚೀನೀ ತರಕಾರಿ ಅಂಗಡಿಗಳಲ್ಲಿ ಸಿಗುತ್ತದೆ, ಪಾಲಕ್ ಸೊಪ್ಪು ಅದರ ಕೆಲಸವನ್ನು ಮಾಡೀತು.

ಅಡೊಬೊಗೆ ಹಂದಿಯ ಹೊಟ್ಟೆಭಾಗ ಬೇಕು. ಸುಮ್ಮನೆ ‘ಪಾಂಚೆತ್ತಾ’ ಎಂದರೆ ಉಪ್ಪು ಹಚ್ಚಿ ಮಾಗಿಸಿದ ಮಾಂಸ ಕೈಗೆ ಬರುತ್ತದೆ. ‘ಪಾಂಚೆತ್ತಾ ಫ್ರೆಸ್ಕಾ’ ಎಂದು ಹಸಿ ಮಾಂಸವನ್ನೇ ಕೇಳಬೇಕು. ಒಂದು ಕಿಲೊ ಮಾಂಸಕ್ಕೆ 120 ಮಿಲಿ ವಿನೆಗರ್, 100 ಮಿಲಿ ಸೋಯಾ ಸಾಸ್, ಒಂದು ಇಡೀ ಗೆಡ್ಡೆ ಬೆಳ್ಳುಳ್ಳಿ, ಒಂದು ಚಮಚ ಇಡಿ ಕಾಳುಮೆಣಸು, ಮೂರು ಲಾರೆಲ್ ಎಲೆ ಮತ್ತು ಒಂದು ಲೋಟ ನೀರು ಸಾಕು. ಲಾರೆಲ್ ಎಲೆ ಇಟಲಿಯ ಎಲ್ಲ ತರಕಾರಿ ಅಂಗಡಿಗಳಲ್ಲಿಯೂ ಸಿಗುತ್ತದೆ. ನಮ್ಮ ಪಲಾವ್ ಎಲೆ ಬೇರೊಂದು ಮರದ್ದಾಗಿದ್ದು, ದಾಲ್ಚಿನ್ನಿಯ ವಾಸನೆ ಕೊಡುವುದರಿಂದ ಇಲ್ಲಿಗೆ ಹೊಂದುವುದಿಲ್ಲ. ವಿನೆಗರ್ ಹಾಕಿದ ಮೇಲೆ ಅದು ಒಮ್ಮೆ ಚೆನ್ನಾಗಿ ಕುದಿಯುವವರೆಗೆ ಸೌಟು ಆಡಿಸಬಾರದು, ಮುಚ್ಚಳವನ್ನೂ ಮುಚ್ಚಬಾರದು ಎಂಬುದು ಅಲ್ಲಿನ ಹಿರಿಯರ ಕಟ್ಟಳೆ. ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಸಣ್ಣ ಉರಿಯಲ್ಲಿ ಬೆಂದು, ರಸ ಇಂಗಿ, ಮಾಂಸ ತನ್ನದೇ ಕೊಬ್ಬಿನಲ್ಲಿ ಹುರಿಯತೊಡಗಿದಾಗ ಇಳಿಸಬೇಕು. ಮರುದಿನಕ್ಕೆ ಇದರ ರುಚಿ ಹೆಚ್ಚುವುದರಿಂದ, ಭಾನುವಾರ ಮಾಡಿ ಡಬ್ಬಿಗಳಿಗೆ ಹಂಚಿ ವಾರದ ಮಧ್ಯದವರೆಗೆ ಊಟಕ್ಕೆ ಒಯ್ಯುವವರು ಬಹಳ ಮಂದಿ.

ಕೋಳಿ, ಶುಂಠಿಯ ತಿನೋಲ ಸಾರಿಗೆ ಬೇಕಾದ ನುಗ್ಗೆಸೊಪ್ಪು ಬಾಂಗ್ಲಾದೇಶೀಯರ ಅಂಗಡಿಯಲ್ಲಿ ಆಗಾಗ ಬರುತ್ತದೆ. ಹಸಿ ಪಪ್ಪಾಯಿ ಇಲ್ಲದಿದ್ದರೆ ಸೀಮೆಬದನೆ ಹಾಕಬಹುದು.

ವಾಸನೆ, ವಿದ್ಯುತ್ತು, ನೆರೆಹೊರೆ

ಒಣಮೀನು ಹುರಿಯುವ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹೊಗೆ, ಶಾಖ, ವಾಸನೆಗಳು ಸಹಿಸಬಹುದಾದ ಮಿತಿಯನ್ನು ಮೀರಿ ನೆರೆಮನೆಗೆ ನುಗ್ಗಿದರೆ ಆಕ್ಷೇಪಿಸುವ ಹಕ್ಕನ್ನು ಇಟಲಿಯ ನಾಗರಿಕ ಸಂಹಿತೆಯ 844ನೆಯ ವಿಧಿ ನೆರೆಯವರಿಗೆ ಕೊಟ್ಟಿದೆ. ತಿಂಗಳಿಗೊಮ್ಮೆ ಒಣಮೀನು ಹುರಿದದ್ದಕ್ಕೆ ಯಾರೂ ನ್ಯಾಯಾಲಯದ ಮೆಟ್ಟಿಲೇರುವುದಿಲ್ಲವಾದರೂ, ಮೆಟ್ಟಿಲುಗಳ ಕಡೆಗೆ ತೆರೆಯುವ ಬಾಗಿಲನ್ನು ಮುಚ್ಚಿ, ಅಂಗಳದ ಕಡೆಯ ಕಿಟಕಿಯ ಬದಲು ಬೀದಿಯ ಕಡೆಯ ಕಿಟಕಿಯನ್ನು ತೆರೆದು, ನೆರೆಯವರು ಬಟ್ಟೆ ಒಣಹಾಕದ ಹೊತ್ತಿನಲ್ಲಿ ಹುರಿದರೆ ಮನಸ್ತಾಪ ತಪ್ಪುತ್ತದೆ. ಮೀನನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಓವನ್ನಿನಲ್ಲಿ ಬೇಯಿಸಿದರೆ ವಾಸನೆ ಬಹಳ ಮಟ್ಟಿಗೆ ತಗ್ಗುತ್ತದೆ, ಗರಿಗರಿಯೂ ತಗ್ಗುತ್ತದೆ.

ಇಟಲಿಯ ಸಾಮಾನ್ಯ ಮನೆಗಳ ವಿದ್ಯುತ್ ಸಂಪರ್ಕ 3 ಕಿಲೊವ್ಯಾಟ್‌ನದು. ಓವನ್, ರೈಸ್ ಕುಕ್ಕರ್, ಬಟ್ಟೆ ಒಗೆಯುವ ಯಂತ್ರ ಮೂರನ್ನೂ ಒಟ್ಟಿಗೆ ಹಚ್ಚಿದರೆ ಮೀಟರ್ ತಾನಾಗಿಯೇ ಸಂಪರ್ಕ ಕಡಿಯುತ್ತದೆ, ಮತ್ತು ಹಳೆಯ ಕಟ್ಟಡಗಳಲ್ಲಿ ಆ ಮೀಟರ್ ಎಷ್ಟೋ ಬಾರಿ ನೆಲಮಹಡಿಯಲ್ಲಿರುತ್ತದೆ. ಅನ್ನವನ್ನು ಮೊದಲು ಮಾಡಿಟ್ಟು ಆಮೇಲೆ ಓವನ್ ಹಚ್ಚುವುದು ಕ್ಷೇಮ.

ಡಿಸೆಂಬರ್ ಮತ್ತು ಪ್ರಯಾಣದ ಪೆಟ್ಟಿಗೆ

ಕ್ರಿಸ್ಮಸ್‌ಗೆ ಮುನ್ನ ಡಿಸೆಂಬರ್ 16ರಿಂದ 24ರವರೆಗೆ ನಡೆಯುವ ಸಿಂಬಾಂಗ್ ಗಾಬಿ ಎಂಬ ಚರ್ಚ್ ಪೂಜೆಗಳು ಫಿಲಿಪೀನ್ಸ್‌ನಲ್ಲಿ ನಸುಕಿನಲ್ಲಿ ನಡೆದರೂ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ವಲಸಿಗರು ಇಲ್ಲಿ ಅವನ್ನು ಹೆಚ್ಚಾಗಿ ಸಂಜೆಗೆ ಇಟ್ಟುಕೊಳ್ಳುತ್ತಾರೆ. 2019ರ ಡಿಸೆಂಬರ್ 15ರಂದು ಪೋಪ್ ಫ್ರಾನ್ಸಿಸ್ ಅವರೇ ಸಂತ ಪೀಟರ್ ಬೆಸಿಲಿಕಾದಲ್ಲಿ ಈ ಸಮುದಾಯಕ್ಕಾಗಿ ಪೂಜೆ ನಡೆಸಿದ್ದರು. ಪೂಜೆಯ ನಂತರ ತಿನ್ನುವ ಬಿಬಿಂಗ್ಕಾ ಎಂಬ ಅಕ್ಕಿಹಿಟ್ಟಿನ ಕೇಕನ್ನು ಊರಿನಲ್ಲಿ ಮಣ್ಣಿನ ಪಾತ್ರೆಯ ಕೆಳಗೂ ಮೇಲೂ ಕೆಂಡವಿಟ್ಟು ಸುಡುತ್ತಾರೆ. ಇಲ್ಲಿ 200 ಗ್ರಾಂ ಅಕ್ಕಿಹಿಟ್ಟು, 250 ಮಿಲಿ ತೆಂಗಿನ ಹಾಲು, ಮೂರು ಮೊಟ್ಟೆ, 120 ಗ್ರಾಂ ಸಕ್ಕರೆ, ಸ್ವಲ್ಪ ಕರಗಿಸಿದ ಬೆಣ್ಣೆ ಮತ್ತು ಎರಡು ಚಿಕ್ಕ ಚಮಚ ಬೇಕಿಂಗ್ ಪೌಡರ್ ಕಲಸಿ, ಉರಿಯ ಮೇಲೆ ಬಾಡಿಸಿದ ಬಾಳೆಎಲೆಯನ್ನು ಹಾಸಿದ ತಟ್ಟೆಗೆ ಹುಯ್ದು, 190 ಡಿಗ್ರಿಯಲ್ಲಿ ಅರ್ಧ ಗಂಟೆಯಷ್ಟು ಹೊತ್ತು ಬೇಯಿಸಬೇಕು. ಹಿಟ್ಟು ಅರ್ಧ ಗಟ್ಟಿಯಾದಾಗ ಉಪ್ಪಿಟ್ಟ ಬಾತುಮೊಟ್ಟೆಯ ಹೋಳುಗಳನ್ನೂ, ಅಲ್ಲಿನ ಬಿಳಿ ಚೀಸಿನ ಬದಲು ಪ್ರಿಮೊ ಸಾಲೆ ಎಂಬ ಎಳೆಯ ಚೀಸನ್ನೂ ಮೇಲೆ ಜೋಡಿಸಿ, ಕೊನೆಯ ಎರಡು ನಿಮಿಷ ಮೇಲಿನ ಗ್ರಿಲ್ ಹಚ್ಚಿದರೆ ಕೆಂಡದ ಕೆಲಸ ನಡೆಯುತ್ತದೆ. ಬಾಳೆಎಲೆ ಏಷ್ಯನ್ ಅಂಗಡಿಯ ಫ್ರೀಜರ್‌ನಲ್ಲಿರುತ್ತದೆ.

ರಜೆಗೆ ಊರಿಗೆ ಹೋದವರು ಹಿಂದಿರುಗುವಾಗ ಏನು ತರಬಹುದೆಂಬುದಕ್ಕೆ ಐರೋಪ್ಯ ಒಕ್ಕೂಟದ ನಿಯಮಗಳು ಸ್ಪಷ್ಟವಾಗಿವೆ. ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ಆದ್ದರಿಂದ ಲೊಂಗನೀಸಾ ಸಾಸೇಜು, ತೊಸೀನೊ ಎಂಬ ಸಿಹಿ ಹಂದಿಮಾಂಸ ಇವೆಲ್ಲ ವಿಮಾನ ನಿಲ್ದಾಣದಲ್ಲಿಯೇ ಉಳಿಯುತ್ತವೆ. ಒಣಮೀನು, ಒಣಸಿಗಡಿಗಳಂಥ ಮೀನಿನ ಪದಾರ್ಥಗಳನ್ನು ಸ್ವಂತ ಬಳಕೆಗೆ 20 ಕಿಲೊವರೆಗೆ ತರಬಹುದು. ತಾಜಾ ಹಣ್ಣುಗಳಲ್ಲಿ ಅನಾನಸ್, ತೆಂಗು, ಬಾಳೆ, ಡ್ಯೂರಿಯನ್ ಮತ್ತು ಖರ್ಜೂರ ಎಂಬ ಐದಕ್ಕೆ ಮಾತ್ರ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಡ; ಕಲಮಾನ್ಸಿಗೂ ಮಾವಿಗೂ ಅದು ಬೇಕು. ಪೆಟ್ಟಿಗೆಯಲ್ಲಿ ಬಾಗೊಒಂಗ್ ಇಡುವವರು ಗಾಜಿನ ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಬಟ್ಟೆಗಳಿಂದ ಬೇರೆಯಾಗಿ ಇಡಬೇಕು. ತೊಸೀನೊವನ್ನಂತೂ ರೋಮ್‌ನಲ್ಲಿಯೇ ಮಾಡಿಕೊಳ್ಳಬಹುದು: ಹಂದಿಯ ಭುಜದ ಮಾಂಸವನ್ನು ತೆಳ್ಳಗೆ ಕೊಯ್ದು, ಉಪ್ಪು, ಸಕ್ಕರೆ, ಬೆಳ್ಳುಳ್ಳಿ ಮತ್ತು ಅನಾನಸ್ ರಸದಲ್ಲಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸ್ವಲ್ಪ ನೀರಿನೊಂದಿಗೆ ಬೇಯಿಸಿ, ನೀರು ಇಂಗಿದ ಮೇಲೆ ಸಕ್ಕರೆ ಸೀದುಹೋಗದಂತೆ ಸಣ್ಣ ಉರಿಯಲ್ಲಿ ಹುರಿದರೆ ಸಾಕು.